ಕೊರಕಲಿಗೆ ನೀರು ಬಂದ ದಿನ

೨೮-೯-೫೮, ಭಾನುವಾರ

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಸೈನೈಡ್ ಗುಡ್ಡ ತೊಳೆದಿಟ್ಟ ಹಾಗಿತ್ತು. ಆಷಾಢದ ಗಾಳಿಗೆ ಇದೇ ಗುಡ್ಡದ ಧೂಳು ಅನ್ನದಲ್ಲಿ, ಕಣ್ಣಲ್ಲಿ... ಈಗ ಏನೂ ಅರಿಯದ ಹಾಗೆ ಕೂತಿದೆ. ಬೆಂಗಳೂರಿನವರಿಬ್ಬರು ಬಂದು ಅದರ ಫೋಟೋ ತೆಗೆದುಕೊಂಡು ಹೋದರು. ಚಿನ್ನದ ಗಣಿಯ ಕಸಕ್ಕೂ ಎಂಥ ಯೋಗ.

೩-೧೦, ಶುಕ್ರವಾರ

ಮತ್ತೆ ಮಳೆ. ನಮ್ಮನೆಯವರಿಗೆ ಒಂದೇ ಧ್ಯಾನ – ಕಾಮಸಮುದ್ರದಾಚೆ ಇವರ ಊರಿನ ಕೊರಕಲು. ಎರಡು ಬಂಡೆಗಳ ನಡುವೆ ಆಳಕ್ಕೆ ಸೀಳಿದೆಯಂತೆ. ಜೋರು ಮಳೆಯಾದರೆ ಹೊಳೆ ಅದರೊಳಗೆ ಧುಮುಕುತ್ತದೆ. ಒಂದೆರಡು ದಿನ, ಅಷ್ಟೇ. ಯಾರ ರಜೆಗೂ ಕಾಯುವುದಿಲ್ಲ. ಮದುವೆಯಾದಾಗಿನಿಂದ ತೋರಿಸುತ್ತೇನೆ ಅನ್ನುತ್ತಲೇ ಇದ್ದಾರೆ. ನೀರು ಬಂದಾಗೆಲ್ಲ ಇವರು ಗಣಿ ಕೆಲಸದಲ್ಲಿ, ಭೂಮಿಯೊಳಗೆ.

೮-೧೦, ಬುಧವಾರ, ಸಂಜೆ

ಊರಿಂದ ಸುದ್ದಿ – ಕೊರಕಲು ತುಂಬಿದೆ. ನನಗೆ ಜ್ವರ. ನೀವಾದರೂ ಹೋಗಿ ಬನ್ನಿ ಅಂದೆ. ರಜೆ ಎಲ್ಲಿ? ಪಕ್ಕದ ಮನೆ ಕುಪ್ಪುಸ್ವಾಮಿಗೆ ನಾಳೆ ರಜೆ. ಇವರ ಬದಲು ತಾನು ಇಳಿಯುತ್ತೇನೆ ಅಂದ. ಇಲ್ಲಿ ಅದು ರೂಢಿ. ಇವರ ಹಿತ್ತಾಳೆ ಬಿಲ್ಲೆ ಕೊಟ್ಟು ಅವನು ಇಳಿಯುವುದು, ಇನ್ನೊಮ್ಮೆ ಅವನದು ಕೊಟ್ಟು ಇವರು. ಗೇಟಿನಲ್ಲಿ ಬಿಲ್ಲೆ ನೋಡುತ್ತಾರೆ, ಮುಖ ನೋಡುವುದಿಲ್ಲ.

ಅವನ ಹೆಂಡತಿ ಮಾರಿಯಮ್ಮನಿಗೆ ಏಳು ತಿಂಗಳು. ರಜೆ ದಿನ ಇಳಿಯಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಅದಕ್ಕೆ ತಾನೂ ಇವರ ಜೊತೆ ನೀರು ನೋಡಲು ಹೋಗುತ್ತೇನೆ ಅಂತ ಅವಳಿಗೆ ಹೇಳಿದ್ದಾನೆ.

"ಅಕ್ಕಾ, ಅವ್ಳಿಗೆ ಏಳ್ಬೇಡಿ. ಎದ್ರುಕೊಂಡ್ಬುಡ್ತಾಳೆ" ಅಂದ.

ನಕ್ಕು ಆಯ್ತಪ್ಪ ಅಂದೆ.

೯-೧೦, ಗುರುವಾರ, ಬೆಳಿಗ್ಗೆ

ಒಟ್ಟಿಗೇ ಹೊರಟರು. ಮಾರಿಯಮ್ಮ ಇಬ್ಬರಿಗೂ ಚಿತ್ರಾನ್ನ ಕಟ್ಟಿಕೊಟ್ಟು ಒಳಗೆ ಹೋದಳು. ನಮ್ಮ ಮನೆಗಳ ಲೈನಿನ ಕೊನೆಯಲ್ಲಿ ಇವರು ಬಸ್ಸಿನ ಕಡೆ, ಅವನು ಗಣಿಗಿಳಿಯುವ ಶಾಫ್ಟಿನ ಕಡೆ. ಮೋಡ ಚೆದುರಿದೆ. ತಣ್ಣಗಿದೆ.

ಮಧ್ಯಾಹ್ನ

ನೆಲ ನಡುಗಿತು. ಅಟ್ಟದ ಪಾತ್ರೆಗಳು ಬಿದ್ದವು. ಏರ್‌ಬ್ಲಾಸ್ಟ್ – ಕೆಳಗೆಲ್ಲೋ ಬಂಡೆ ಸಿಡಿದಿದೆ. ನಮಗಿದು ಹೊಸದಲ್ಲ, ಪಾತ್ರೆ ಎತ್ತಿಟ್ಟೆ. ಆಮೇಲೆ ಸೈರನ್. ನಿಲ್ಲುತ್ತಿಲ್ಲ...

೩ ಗಂಟೆ

ಸಿಕ್ಕಿಕೊಂಡವರ ಹೆಸರು ಶಾಫ್ಟಿನ ಹತ್ತಿರ ಓದಿದರು, ಬಿಲ್ಲೆ ನೋಡಿಕೊಂಡು. ಮುನಿಸ್ವಾಮಪ್ಪ. ನನ್ನ ಗಂಡನ ಹೆಸರು.

ಮೊದಲು ಆದದ್ದು ಸಂತೋಷ. ಇವರು ಬದುಕಿದ್ದಾರೆ! ಈ ಮಾತು ಇಲ್ಲಿ ಮಾತ್ರ ಬರೆಯಬಲ್ಲೆ. ಆಮೇಲೆ ನೋಡಿದರೆ ನನ್ನನ್ನು ತಬ್ಬಿಕೊಂಡು ಅಳುತ್ತಿರುವವಳು ಮಾರಿಯಮ್ಮ.

೫ ಗಂಟೆ

ಅಡುಗೆಮನೆ ಮೂಲೆಯಲ್ಲಿ ಕೂತಿದ್ದೇನೆ. ಮನೆ ತುಂಬ ಹೆಂಗಸರು. ಕೆಳಗೆ ಸಿಕ್ಕಿಕೊಂಡವರಲ್ಲಿ ಒಬ್ಬರೂ ಮೇಲೆ ಬಂದಿಲ್ಲ. ಎದುರು ಮನೆ ನರಸಮ್ಮಜ್ಜಿ ನನ್ನ ಬಳೆಗೆ ಕೈಹಾಕಿದರು. ಮಾರಿಯಮ್ಮ ಅಡ್ಡ ಬಂದಳು, ಇನ್ನೂ ಮೇಲಕ್ಕೆ ತಂದಿಲ್ಲ, ಯಾರೂ ಮುಟ್ಟಬೇಡಿ ಅಂತ. ನನ್ನ ಬಳೆ ಕಾಯುತ್ತಿದ್ದಾಳೆ ಪುಣ್ಯಾತ್ಗಿತ್ತಿ.

"ನಿಮ್ಮೋರಿಗೆ ಕೆಲ್ಸ ಬುಟ್ಟು ಓಗಕ್ಕೆ ಮನ್ಸು ಬಂದಿಲ್ಲ ಕಣಕ್ಕಾ. ನಮ್ಮೋರು ಒಬ್ರೇ ಓಗವ್ರೆ. ಇಬ್ರೂ ಓಗಿದ್ರೆ..."

ಬಾಯಿ ತೆರೆದೆ. ಕೆಳಗಿರುವವನು ನಿನ್ನ ಗಂಡ – ಇಷ್ಟೇ ಮಾತು. ಅವಳ ಹೊಟ್ಟೆ ನೋಡಿದೆ. ಅವನು ಬದುಕಿ ಬಂದರೆ? ಬಾರದಿದ್ದರೆ? ದೇವರೇ, ನನ್ನಿಂದ ಆಗುವುದಿಲ್ಲ.

ಸಂಜೆ, ದೀಪದ ಹೊತ್ತು

ಮಾರಿಯಮ್ಮ ಗಂಜಿ ಕಾಯಿಸಿ ತಂದು ಬಲವಂತವಾಗಿ ಕುಡಿಸಿದಳು. ನಮ್ಮವರು ಬರಲಿ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ನೀವು ಒಬ್ಬರೇ ಅಂದುಕೊಳ್ಳಬೇಡಿ ಅಂದಳು. ಬಂಗಾರಪೇಟೆಯಿಂದ ಕೊನೆಯ ಬಸ್ಸು ಬರುವ ಹೊತ್ತಾಯಿತು. ಈಗಲಾದರೂ ಹೇಳಬೇಕು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ...

ಬಸ್ಸು ಬಂತು. ಬೀದಿಯಲ್ಲಿ ಯಾರೋ ಕೂಗಿದರು. ಇವರ ಕೆಮ್ಮು.

"ಬಂದ್ರು ಕಣಕ್ಕಾ, ನಮ್ಮೋರು" ಅಂತ ಮಾರಿಯಮ್ಮ ಸೊಂಟ ಹಿಡಿದುಕೊಂಡು ಎದ್ದಳು. ಬಾಗಿಲಿಗೆ ಹೋಗುತ್ತಿದ್ದಾಳೆ. ನಾನು