ನೋವು ಬಂದ ಮೇಲೆ ಹೊಳೆ ದಾಟುವುದು

ಡಿಸೆಂಬರ್ ೩, ಉಗಾರ

ಮಗಳು ಕಾಜಲಳ ಬಿಪಿ ೧೪೦/೯೦. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಎರಡು ತಿಂಗಳು. ಇಂದು ಊರಿನ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಹೋದರೆ ಹೆರಿಗೆ ಕೋಣೆಗೆ ಬೀಗ. ಇಲ್ಲಿ ಹೆರಿಗೆ ಕಡಿಮೆಯಂತೆ. ಡಾಕ್ಟರನ್ನೂ ಚಿಕ್ಕೋಡಿಗೆ ಹಾಕಿದ್ದಾರೆ.

ನರ್ಸ್ ನೀಲಮ ಹೇಳಿದಳು: "ಇನ್ನ ಎಲ್ಲಾ ಅಲ್ಲೇ ರೀ ಬಾಯಾರ. ಎಂಟ ದಿನ ಮೊದಲ ಹೋಗಿ ಇದ್ದಬಿಡ್ರಿ. ಬಿಪಿ ಏರಿದ್ರ ಫಿಟ್ಸ್ ಬರತಾವ."

ನಲವತ್ತು ಕಿಲೋಮೀಟರ್. ನಡುವೆ ಕೃಷ್ಣೆ.

ಡಿಸೆಂಬರ್ ೫

ಅತ್ತೆ ಒಪ್ಪಲಿಲ್ಲ. ಒಂಬತ್ತು ತಿಂಗಳಿಗೆ ಬಿದ್ದ ಬಸುರಿ ಹೊಳೆ ದಾಟಬಾರದಂತೆ. ಎಲ್ಲರೂ ಈ ದಡದಲ್ಲೇ ಹಡೆಯುತ್ತಿದ್ದಾಗ ಆ ಮಾತಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

"ಎಂ.ಎ. ಮಾಡೀದಿ ಅಂತ ಹೊಳಿ ನಿನ್ನ ಮಾತ ಕೇಳತೈತೇನ?" ಎಂದು ನನ್ನನ್ನು ಹಂಗಿಸಿದರು.

ಕಾಜಲ ನಕ್ಕಳು. "ಅಜ್ಜಿ, ನಾ ಬಸರ ಅಂತ ಹೊಳಿಗೆ ಯಾರ ಹೇಳತಾರ? ಸೆರಗ ಹೊಚಗೊಂಡ ಕೂಡತೇನಿ."

ಮಿರಜದ ಆಸ್ಪತ್ರೆಗೆ ಹೋಗಲು ಹೊಳೆ ಅಡ್ಡವಿಲ್ಲ. ಹಾಗೆಂದೆ. ಕಾಜಲಳೇ ಬೇಡವೆಂದಳು. "ನನ್ನ ಬಿಪಿ ಗೊತ್ತಿರೋದು ಚಿಕ್ಕೋಡಿಗೆ ಹೋದ ಆ ಡಾಕ್ಟರಿಗೆ, ಅವ್ವಾ."

ಕೊನೆಗೆ ತೀರ್ಮಾನ — ನೋವು ಕಾಣಿಸಿದ ಕೂಡಲೇ ಹೊರಡುವುದು. ನೋವು ಬಂದ ಮೇಲೆ ಅವಳು ಬಸುರಿಯಲ್ಲ, ಹಡೆಯುವವಳು, ದಾಟಿದರೆ ದೋಷವಿಲ್ಲ. ಇದು ಅತ್ತೆಯ ಕಾನೂನು. ನಾನೂ ತಲೆಯಾಡಿಸಿದೆ. ಏಕೆ ಆಡಿಸಿದೆ…

ಡಿಸೆಂಬರ್ ೧೧

ಕವನದ ಪುಸ್ತಕ ತೆರೆದು ಒಂದೇ ಸಾಲನ್ನು ಮೂರು ಸಲ ಓದಿದೆ. ಒಳಗಿಳಿಯಲಿಲ್ಲ. ಕಾಜಲಳ ಬಾತ ಪಾದ ಒತ್ತಿ ನೋಡಿದೆ. ಬೆರಳಿನ ಗುಳಿ ಹಾಗೇ ಉಳಿಯಿತು.

ನಾಳೆ ಅತ್ತೆಯ ಮಾತು ಮೀರುತ್ತೇನೆ. ಹೊರಟುಬಿಡುವುದು.

ಡಿಸೆಂಬರ್ ೧೨, ಬೆಳಿಗ್ಗೆ ೧೦.೫೦, ಕಾರಿನಲ್ಲಿ

ನಾನು ಬಾಯಿ ತೆರೆಯುವ ಮೊದಲೇ ನೋವು. ಇವರು ಕಾರು ತೆಗೆದರು. ಅತ್ತೆಯೂ ಹತ್ತಿದರು. ನೋವು ಬಂದ ಹೊತ್ತನ್ನೆಲ್ಲ ಬರೆದಿಡಲು ನೀಲಮ ಫೋನಿನಲ್ಲಿ ಹೇಳಿದಳು. ಕೈಗೆ ಸಿಕ್ಕಿದ್ದು ಈ ದಿನಚರಿ.

೧೦.೨೧. ೧೦.೩೦. ೧೦.೩೮. ೧೦.೪೫.

ಸೇತುವೆಯ ಮೇಲೆ ಕಬ್ಬು ಇಳಿಸಿ ಬಂದ ಟ್ರ್ಯಾಕ್ಟರ್ ಕೆಟ್ಟು, ಅದರ ಖಾಲಿ ಟ್ರೇಲರ್ ಅಡ್ಡ ನಿಂತಿದೆ. ಹಿಂದೆಯೂ ಕಬ್ಬಿನ ಗಾಡಿಗಳು. ತಿರುಗಲು ಜಾಗವಿಲ್ಲ. ಕಾಜಲ ತಲೆನೋವು ಎನ್ನುತ್ತಾಳೆ. ಕಣ್ಣು ಮಂಜು ಎನ್ನುತ್ತಾಳೆ.

೧೦.೫೧.

೧೦.೫೭. ಅತ್ತೆ ಇಳಿದು ಹೋದರು. ಇಲ್ಲಿಗೇ ಕೇಳಿಸುತ್ತಿದೆ.

"ಲೇ, ಬಾಜೂ ತಗೀರಿಲೇ! ನನ್ನ ಮೊಮ್ಮಗಳು ಹೊಳಿ ದಾಟಬೇಕು!"

"ಎಲ್ಲಿ ತಗೀಲಿ ಆಯಿ, ನೀರಾಗ?" ಡ್ರೈವರನ ದನಿ.

ಎಪ್ಪತ್ತೆಂಟರ ಮುದುಕಿ ಟ್ರೇಲರಿಗೆ ಎರಡೂ ಕೈ ಕೊಟ್ಟು ನೂಕುತ್ತಿದ್ದಾರೆ. ನಾಲ್ಕೈದು ಜನ ಸೇರಿಕೊಂಡರು. ಸರಿಯುತ್ತಿದೆ… ಒಂದು ಕಾರಿನಷ್ಟು ದಾರಿ ಆದೀತು.

೧೧.೦೪ — ಇದು ನೋವಲ್ಲ. ಕಣ್ಣು ಮೇಲೆ ಸಿಕ್ಕಿದೆ, ಮೈ ಸೆಟೆಯುತ್ತಿದೆ. ಅವಳ ಕೈ