ಅಕ್ಕನ ವಯಸ್ಸು

ಯಾಂಬಪಂಬ, ಲೊಹಾ ಪ್ರಾಂತ್ಯ
೧೯ ಜುಲೈ ೨೦೧೫, ಭಾನುವಾರ

ಪ್ರೀತಿಯ ಅಣ್ಣಾ ಅವೆಲಿನೊ,

ನಿನ್ನ ಮಂಡಿ ನೋವು ಹೇಗಿದೆ? ಕಿವಿಯ ವಿಷಯ ಕೇಳುವುದಿಲ್ಲ, ಅದರ ಸ್ಥಿತಿ ನನಗೆ ಗೊತ್ತೇ ಇದೆ. ಈಸ್ಟರ್ ಹೊತ್ತಿಗೆ ಫೋನ್ ಮಾಡಿ, ವಿಲ್ಮರ್‌ಗೆ ಹುಷಾರಿಲ್ಲ ಎಂದು ಗಂಟಲು ಹರಿಯುವ ಹಾಗೆ ಕೂಗಿದರೆ ನೀನು "ಹೌದೌದು, ಇಲ್ಲೂ ಒಳ್ಳೇ ಮಳೆ" ಅಂದೆ. ಅದಕ್ಕೇ ಈ ಕಾಗದ. ಇದರ ಮುಂದೆ ನಿನ್ನ ಕಿವುಡು ನಡೆಯುವುದಿಲ್ಲ. ಲಾಗೊ ಅಗ್ರಿಯೊದ ಆ ಸೆಕೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಸೊಸೆ ಅವರೆಕಾಳು, ಸೊಪ್ಪು ಬೇಯಿಸಿ ಹಾಕುತ್ತಾಳಾ, ಇಲ್ಲ ಎಣ್ಣೆಯಲ್ಲಿ ಮುಳುಗಿಸಿ ತೆಗೆದದ್ದನ್ನೇ ತಟ್ಟೆಗೆ ಹಾಕುತ್ತಾಳಾ? ಈ ವಯಸ್ಸಿನಲ್ಲಿ ಅದೆಲ್ಲ ಬೇಡ. ಮಾರ್ಚ್‌ನಲ್ಲಿ ಕಳಿಸಿದ ನಮ್ಮ ಹಿತ್ತಲಿನ ಕಾಫಿ ಮುಗಿದಿದ್ದರೆ ಹೇಳು.

ನನ್ನ ಮಗ ವಿಲ್ಮರ್ ಉಳಿಯುವ ಹಾಗೆ ಕಾಣುವುದಿಲ್ಲ ಅಣ್ಣಾ. ಸುತ್ತಿ ಬಳಸಿ ಹೇಳುವ ಚೈತನ್ಯ ನನಗಿಲ್ಲ. ಎರಡೂ ಮೂತ್ರಪಿಂಡ ಕೆಟ್ಟು ಹೋಗಿವೆ. ವಾರಕ್ಕೆ ಮೂರು ಸಲ ಲೊಹಾ ಪಟ್ಟಣಕ್ಕೆ ಕರೆದೊಯ್ದು, ಯಂತ್ರಕ್ಕೆ ಜೋಡಿಸಿ, ರಕ್ತ ತೊಳೆಸಿಕೊಂಡು ಬರುತ್ತೇವೆ. ಇನ್ನೂ ನಲವತ್ತೈದು ತುಂಬದ ಗಂಡಸು ಬಸ್ಸಿನ ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡಿಯುತ್ತಾನೆ. ನೋಡಿದವರು, ಪಾಪ ಮುದುಕಿಯನ್ನು ಯಾಕೆ ಹೀಗೆ ಜಗ್ಗುತ್ತಾನೆ ಎಂದು ಅವನಿಗೇ ಬೈಯುತ್ತಾರೆ. ಈಗ ಅವನ ತೋಳಿನ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ, ಸೂಜಿ ಚುಚ್ಚಲು ಜಾಗ ಸಿಗುತ್ತಿಲ್ಲ. ಬೇರೆಯವರ ಮೂತ್ರಪಿಂಡ ಹಾಕದಿದ್ದರೆ ಬಹಳ ದಿನ ತಳ್ಳಲು ಆಗುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದಾರೆ. ಅವನ ಹೆಂಡತಿ ನಾರ್ಸಿಸಾ ತನ್ನದು ಕೊಡುತ್ತೇನೆಂದು ಮೊದಲ ದಿನವೇ ಹೋದಳು, ಅದು ಹೊಂದಲಿಲ್ಲ. ಸತ್ತವರಿಂದ ಸಿಗಲೆಂದು ಕಾಯುವವರ ಸಾಲು ತುಂಬ ಉದ್ದ ಇದೆ.

ಹೀಗೆ ಯಾಕಾಯಿತು ಎಂದು ನೀನು ಕೇಳುತ್ತೀಯ. ಕೆಲವು ವರ್ಷದ ಹಿಂದೆ ಪರದೇಶದವರು ದೀರ್ಘಾಯುಸ್ಸಿನ ಗುಟ್ಟು ಹುಡುಕಿಕೊಂಡು ನಮ್ಮೂರಿಗೆ ಬಂದು ಮುದುಕ ಮುದುಕಿಯರ ರಕ್ತ ತೆಗೆದುಕೊಂಡು ಹೋಗಿದ್ದರಲ್ಲ, ಅಲ್ಲಿಂದ ಶುರು. ಅವರ ಜೊತೆಗಿದ್ದ ರಾಜಧಾನಿ ಕೀಟೊದ ಡಾಕ್ಟರಮ್ಮ ಒಳ್ಳೆಯ ಹೆಂಗಸು, ನಮ್ಮ ಜಗಲಿಯ ಮೇಲೆ ಕೂತು ಬೆಣ್ಣೆಹಣ್ಣು ಕೊಯ್ದು ತೋರಿಸಿಯೇ ಹೇಳಿದಳು. "ನೋಡಿ ಅಜ್ಜಿ, ಕೊಯ್ದಿಟ್ರೆ ಗಾಳಿ ತಾಗಿ ಕಪ್ಪಾಗುತ್ತೆ, ಅಲ್ವಾ? ನಾವು ಉಸಿರಾಡೋ ಗಾಳಿನೂ ಒಳಗೆ ಅದೇ ಕೆಲ್ಸ ಮಾಡುತ್ತೆ, ತುಕ್ಕು ಹಿಡಿಸುತ್ತೆ. ವಯಸ್ಸಾದಷ್ಟೂ ಆ ತುಕ್ಕು ಜಾಸ್ತಿ. ಸಕ್ಕರೆ, ಕರಿದ ಎಣ್ಣೆ ಅದಕ್ಕೆ ಕುಮ್ಮಕ್ಕು ಕೊಡುತ್ತೆ. ನೀವು ತಿನ್ನೋ ಕಾಳು, ಸೊಪ್ಪು ಇದೆಯಲ್ಲ, ಅದು ನಿಂಬೆಹುಳಿ ಹಿಂಡಿದ ಹಾಗೆ, ತಡೀತಾ ಇರುತ್ತೆ." ಆಮೇಲೆ ನನ್ನ ರಕ್ತದ ಫಲಿತಾಂಶ ನೋಡಿ, ಎಂಬತ್ತು ಸಮೀಪಿಸಿದವರಲ್ಲಿ ಇಷ್ಟು ಕಡಿಮೆ ತುಕ್ಕನ್ನು ತಾನು ಕಂಡೇ ಇಲ್ಲ ಎಂದು ನನ್ನನ್ನು ತಬ್ಬಿಕೊಂಡಳು. ಹೊಲದ ಕೆಲಸ, ನಡಿಗೆ, ಬೇಯಿಸಿದ ಮೆಕ್ಕೆಜೋಳ, ಕಾಳು, ಹಸಿ ಬಾಳೆಕಾಯಿಯ ರೆಪೆ ಸಾರು, ನಮ್ಮ ಕೆಂಪು ಕಷಾಯ, ಎಲ್ಲ ಸೇರಿ ಹೀಗಾಗಿದೆ ಎಂದಳು. ಅಷ್ಟೆಲ್ಲದರಲ್ಲಿ ವಿಲ್ಮರ್ ಕೇಳಿಸಿಕೊಂಡಿದ್ದು ಕಷಾಯ ಎಂಬ ಒಂದೇ ಮಾತು.

ಮರು ತಿಂಗಳೇ ಗಿಡಮೂಲಿಕೆ ಒಣಗಿಸಿ ಪೊಟ್ಟಣ ಕಟ್ಟಲು ಶುರು ಮಾಡಿದ. ಪೊಟ್ಟಣದ ಮೇಲೆ ನನ್ನ ಮುಖ, ಕೆಳಗೆ ನನ್ನ ವಯಸ್ಸು. ಪ್ರತಿ ವರ್ಷ ಹೊಸ ವಯಸ್ಸು ಅಚ್ಚು ಹಾಕಿಸುತ್ತಾನೆ, ಈ ವರ್ಷ ಎಂಬತ್ತೊಂದು. ಬಸ್ಸಿನಲ್ಲಿ ಬಂದ ಪ್ರವಾಸಿಗಳು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಾರುವವನು ಮಾತ್ರ ಅಂಗಡಿಯ ಗಲ್ಲಾದಲ್ಲಿ ಕೂತು ಕರಿದ ಕೋಳಿ ತಿಂದು ಕೋಲಾ ಕುಡಿಯುತ್ತಿದ್ದ. ಸಕ್ಕರೆ ಕಾಯಿಲೆ ಬಂತು, ರಕ್ತದೊತ್ತಡ ಬಂತು, ಮಾತ್ರೆ ಬರೆದುಕೊಟ್ಟರು. ನುಂಗೋ ಮಾರಾಯ ಎಂದು ನಾನು ಬೆನ್ನು ಬಿದ್ದರೆ ಅವನ ಉತ್ತರ ಒಂದೇ. "ಅಮ್ಮಾ, ನಿಂಗೆ ಎಂಬತ್ತು ಹತ್ರ ಬಂತು. ಒಂದು ದಿನ ಮಾತ್ರೆ ನುಂಗಿದ್ದೀಯಾ? ನಂದೂ ಅದೇ ರಕ್ತ. ಎರಡು ಲೋಟ ಕಷಾಯ ಕುಡುದ್ರೆ ಎಲ್ಲಾ ತೊಳ್ಕೊಂಡು ಹೋಗುತ್ತೆ, ನೀ ಸುಮ್ನಿರು." ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂಬುದು ಈ ಲೋಕದಲ್ಲಿ ನಿನಗೆ ಮಾತ್ರ ಗೊತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಇದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿದವರಲ್ಲ. ನಮ್ಮಮ್ಮ ಹೆತ್ತ ಮೊದಲ ದೆಲ್ಫಿನಾ ನಿನಗೆ ಅಕ್ಕ. ಹನ್ನೊಂದು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. ಮೂರು ವರ್ಷ ಬಿಟ್ಟು ನಾನು ಹುಟ್ಟಿದಾಗ ಅಮ್ಮ ನನಗೆ ಅದೇ ಹೆಸರಿಟ್ಟಳು. ಹೆಸರಿಟ್ಟಿದ್ದರೆ ಸರಿ, ಊರಲ್ಲಿ ಎಷ್ಟೋ ಮನೆಯಲ್ಲಿ ಇಡುತ್ತಾರೆ. ಆದರೆ ಅಮ್ಮ, ಇವಳು ಅವಳೇ, ತಿರುಗಿ ಬಂದಿದ್ದಾಳೆ ಎಂದು ಹಟ ಹಿಡಿದು, ಅವಳ ಸಾವನ್ನಾಗಲಿ ನನ್ನ ಹುಟ್ಟನ್ನಾಗಲಿ ಬರೆಸಲು ಅಪ್ಪನನ್ನು ಬಿಡಲೇ ಇಲ್ಲ. ಮದುವೆಗೆ ಕಾಗದ ಕೇಳಿದಾಗ ಅಪ್ಪ ಚರ್ಚಿನಿಂದ ಅಕ್ಕನ ದೀಕ್ಷಾಸ್ನಾನದ ಪತ್ರ ತಂದ. ಅವತ್ತಿನಿಂದ ಸರ್ಕಾರದ ಕಣ್ಣಿಗೆ ನಾನು ಅವಳು. ನನಗೆ ಅರವತ್ತೇಳು, ಗುರುತಿನ ಚೀಟಿಯಲ್ಲಿ ಎಂಬತ್ತೊಂದು. ಲೆಕ್ಕ ಹಾಕಿದರೆ ನಿನಗಿಂತಲೂ ನಾನೇ ದೊಡ್ಡವಳು, ಬಂದಾಗ ಕಾಲಿಗೆ ಬೀಳು. ನಗು ಬರಬೇಕಾದ ಮಾತು, ಆದರೆ ಈಗ ನನಗೆ ನಗು ಬರುತ್ತಿಲ್ಲ.

ಹೋದ ತಿಂಗಳು ಡಾಕ್ಟರ ಮುಂದೆ ನಿಂತು, ನನ್ನದು ತೆಗೆದುಕೊಳ್ಳಿ ಎಂದೆ. ಅವರು ನನ್ನ ಕೈ ಹಿಡಿದು, "ಅಜ್ಜಿ, ಎಪ್ಪತ್ತು ದಾಟಿದವರದ್ದು ನಾವು ತಗೊಳ್ಳಲ್ಲ. ನಿಮಗೆ ಎಂಬತ್ತೊಂದು" ಅಂದರು. ಇಲ್ಲ ಸ್ವಾಮಿ, ಅರವತ್ತೇಳು ಎಂದೆ. ಅವರು ನರ್ಸಿನ ಮುಖ ನೋಡಿದರು, ನರ್ಸು ನನ್ನ ಮುಖ ನೋಡಿದಳು. ಪಕ್ಕದ ಕೋಣೆಗೆ ಕರೆದೊಯ್ದು, ಕಾಗದ ಪೆನ್ಸಿಲ್ ಕೊಟ್ಟು, ಒಂದು ಗಡಿಯಾರ ಬರೆಯಿರಿ ಅಂದರು. ನನಗೆ ಅರಳುಮರಳೋ ಏನೋ ಎಂದು ನೋಡುವುದಕ್ಕೆ. ಮೈಯೆಲ್ಲ ಉರಿಯಿತು, ಆದರೂ ಮಗನಿಗಾಗಿ ಬರೆದೆ. ಮುಳ್ಳೂ ಅಂಕಿಯೂ ಎಲ್ಲ ಸರಿಯಾಗಿಯೇ ಇತ್ತು. ಅದನ್ನು ನೋಡಿ ಆ ಹುಡುಗಿ, "ಎಂಬತ್ತೊಂದಕ್ಕೆ ಎಷ್ಟು ಚೆನ್ನಾಗಿ ಬರ್ದಿದ್ದೀರಾ ಅಜ್ಜಿ" ಎಂದು ಬೆನ್ನು ತಟ್ಟಿದಳು.

ವಿಲ್ಮರ್‌ಗೂ ಹೇಳಿದೆ. ಅವನು ಗೋಡೆ ಕಡೆ ತಿರುಗಿ ಮಲಗಿದ. "ಸುಳ್ಳು ಹೇಳ್ಬೇಡ ಅಮ್ಮ. ನನ್ನ ಉಳಿಸೋಕೆ ನೀ ಹುಟ್ಟಿದ್ದನ್ನೇ ಬದಲಾಯಿಸ್ತೀಯಾ? ನಿನ್ನ ಕೊಂದು ನಾನು ಬದುಕ್ಬೇಕಾ?" ಎಂದ. ಮಾತ್ರೆ ಬಿಟ್ಟದ್ದು ಯಾವ ವಯಸ್ಸನ್ನು ನಂಬಿಯೋ, ಮೂತ್ರಪಿಂಡ ಬೇಡ ಎನ್ನುವುದೂ ಅದೇ ವಯಸ್ಸನ್ನು ನಂಬಿ. ನಾರ್ಸಿಸಾ ಒಬ್ಬಳು ನಂಬಿದ್ದಾಳೆ. ಅಂಗಡಿಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಒಲೆಗೆ ಹಾಕಿ, ನನ್ನ ಹತ್ತಿರ ಬಂದು ಕೂತು ಅತ್ತಳು.

ನನ್ನ ಸಂಕಟ ಏನು ಗೊತ್ತಾ ಅಣ್ಣಾ? ನನಗೆ ಅಡುಗೆ ಬರುತ್ತದೆ. ಮೈಗೆ ಹಿಡಿಯುವ ಅಡುಗೆ ಬರುತ್ತದೆ, ಅದು ಸುಳ್ಳಲ್ಲ. ವಯಸ್ಸು ಅಕ್ಕನದ್ದಾದರೂ ಈ ಗಟ್ಟಿ ಮೈ ನನ್ನದೇ, ನನ್ನ ಒಲೆಯಿಂದ ಬಂದದ್ದು. ಆದರೆ ಈಗ ವಿಲ್ಮರ್‌ಗೆ ಬಾಳೆಕಾಯಿ ಆಗುವುದಿಲ್ಲ, ಅವರೆ ಆಗುವುದಿಲ್ಲ, ಬೆಣ್ಣೆಹಣ್ಣು ಮುಟ್ಟುವ ಹಾಗಿಲ್ಲ. ಅದರೊಳಗಿನ ಲವಣ ಹೊರಗೆ ಹೋಗದೆ ರಕ್ತದಲ್ಲೇ ನಿಂತು ಎದೆಬಡಿತ ನಿಲ್ಲಿಸಿಬಿಡುತ್ತದಂತೆ. ಕಷಾಯವಂತೂ ಬಿಡು, ನೀರನ್ನೇ ಲೋಟದಲ್ಲಿ ಅಳೆದು ಕೊಡುತ್ತೇವೆ. ನನ್ನನ್ನು ಸಾಕಿದ ಊಟವೆಲ್ಲ ನನ್ನ ಮಗನಿಗೆ ವಿಷವಾಗಿದೆ. ಒಲೆ ಹಚ್ಚಿ ಏನು ಬೇಯಿಸಲಿ ಎಂದು ತೋಚದೆ ಹಾಗೇ ಕೂತಿರುತ್ತೇನೆ. ಆ ಊಟ ತಿಂದು ಗಟ್ಟಿಯಾದ ಒಂದು ಮೂತ್ರಪಿಂಡ ನನ್ನಲ್ಲಿದೆ, ಅವನಿಗೆ ಕೊಡಬಹುದಾದ್ದು ಅದೊಂದೇ. ರಕ್ತದ ಗುಂಪು ಒಂದೇ. ಉಳಿದ ಪರೀಕ್ಷೆಯಲ್ಲಿ ಏನು ಬರುತ್ತದೋ ಗೊತ್ತಿಲ್ಲ, ಆದರೆ ಈ ಅಕ್ಕನ ವಯಸ್ಸು ಪರೀಕ್ಷೆಯ ಬಾಗಿಲಿಗೇ ಹೋಗಲು ನನ್ನನ್ನು ಬಿಡುತ್ತಿಲ್ಲ.

ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಎಲ್ ಸಿಸ್ನೆ ಚರ್ಚಿನ ದೇವಮಾತೆ ನಿನ್ನ ಮಂಡಿಗೆ ಬಲ ಕೊಡಲಿ, ಅದು ನಿನಗಿಂತ ಈಗ ನನಗೆ ಹೆಚ್ಚು ಬೇಕಾಗಿದೆ. ಉಪ್ಪು ಕಡಿಮೆ ಮಾಡು.

ನಿನ್ನ ತಂಗಿ,
ದೆಲ್ಫಿನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಂದೆ. ನಾರ್ಸಿಸಾ ಹೋಗಿ ವಿಚಾರಿಸಿ ಬಂದಳು. ಚೀಟಿ ತಿದ್ದಬೇಕಾದರೆ, ನನ್ನ ಹುಟ್ಟು ಕಂಡ ಹಿರಿಯರು ಲೊಹಾದ ನ್ಯಾಯಾಧೀಶರ ಮುಂದೆ ನಿಂತು ಬಾಯಿಂದ ಹೇಳಬೇಕಂತೆ. ಅಂಥವರು ಇನ್ನು ಯಾರೂ ಉಳಿದಿಲ್ಲ, ನೀನೊಬ್ಬನೇ. ಅಕ್ಕ ನಿನ್ನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದಳು ಎಂದು ಅಪ್ಪ ಹೇಳುತ್ತಿದ್ದ. ಅವಳು ಹೋದಳು ಎಂಬ ಮಾತು ನಿನ್ನ ಬಾಯಲ್ಲಿ ಎಂದೂ ಬಂದಿಲ್ಲ, ನನ್ನನ್ನು ಅವಳ ಹೆಸರಿನಿಂದಲೂ ನೀನು ಒಮ್ಮೆಯೂ ಕರೆಯಲಿಲ್ಲ. "ಏ ಮರಿ" ಎಂದೇ ಕರೆದೆ, ನನ್ನ ತಲೆ ನರೆತ ಮೇಲೂ. ಯಾಕೆಂದು ನಾನು ಕೇಳಲಿಲ್ಲ, ಗೊತ್ತಿತ್ತು. ಅಮ್ಮನ ಹಟಕ್ಕೆ ಅವಳ ಗೋರಿಯ ಮೇಲೆ ಒಂದು ಶಿಲುಬೆಯನ್ನೂ ನೆಡಲಿಲ್ಲ. ಎಲ್ಲಿ ಹೂತರು ಎಂಬುದೂ ನಿನಗೊಬ್ಬನಿಗೇ ಗೊತ್ತು. ಈ ಕಾಗದ ಕೈಗೆ ಬಂದ ಕೂಡಲೇ ಬಸ್ಸು ಹತ್ತು, ವಿಲ್ಮರ್ ಕಾಯಲಾರ. ಬಂದು ಅವರ ಮುಂದೆ ಒಂದೇ ಒಂದು ಸಲ ಹೇಳಿಬಿಡು ಅಣ್ಣಾ, ದೆಲ್ಫಿನಾ ಸತ್ತಳು ಎಂದು. ಆಮೇಲೆ ನೀನು ಏನೆಂದು ಕರೆದರೂ ಓಗೊಡುತ್ತೇನೆ.