ದಾಕ್ಷಾಯಣಿಯ ಕಾಲ್ಗುಣ

ಭದ್ರಾವತಿ
೪-೧-೧೯೬೮

ಶಿವಮೊಗ್ಗದ ಭಾವನವರಿಗೆ ಶರಣು.

ಕೊಯ್ನಾದಲ್ಲಿ ಕೆಲಸಕ್ಕಿದ್ದ ನನ್ನ ಮಗ ಓಂಕಾರ ಭೂಕಂಪದಲ್ಲಿ ಹೋದದ್ದು ಹೆಂಡತಿಯ ಕಾಲ್ಗುಣದಿಂದ, ದಾಕ್ಷಾಯಣಿ ಇನ್ನು ತವರಲ್ಲೇ ಇರಲಿ ಎಂದು ಬರೆದಿದ್ದೀರಿ.

ಆಳದ ಬಂಡೆ ಒತ್ತಡ ತಾಳದೆ ಬಿರಿದು ಜಾರಿದರೆ ಮೇಲಿನ ನೆಲ ಅದುರಿ ಸೀಳುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಆ ಬೆಳಗಿನ ಜಾವ ಇಲ್ಲಿ ನನ್ನ ತಟ್ಟೆಗಳೂ ನಡುಗಿದ್ದವು. “ಬಂಡೆ ಸೀಳೋ ಕಾಲು ಯಾವ ಹುಡುಗೀಗಿದೆ ಮಾರಾಯ್ತಿ?” ಎಂದರು ಪಕ್ಕದ ಮನೆಯ ಪದ್ಮಮ್ಮ.

ಭಾನುವಾರ ದಾಕ್ಷಾಯಣಿಯನ್ನು ಕರೆತರುತ್ತೇನೆ. ಓಂಕಾರನ ಅಂಗಿಗಳನ್ನು ನಾನಿನ್ನೂ ಮಡಚಿಲ್ಲ. ಇಬ್ಬರೂ ಸೇರಿ ಮಡಚುತ್ತೇವೆ. ಮದುವೆಯ ದಿನದಂತೆ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು, ಬಲಗಾಲಿನಿಂದಲೇ ಒದೆಸಿ ಒಳಗೆ ಕರೆಯುತ್ತೇನೆ.

ನೀವೂ ಬನ್ನಿ. ನೆಲ ನಡುಗುತ್ತದೋ ನಿಂತು ನೋಡಿ.

ನಿಮ್ಮ ತಮ್ಮನ ಹೆಂಡತಿ,
ಚನ್ನವೀರಮ್ಮ